ಮೇಡಂ ಕೇಳಿದ ಸದ್ದಿಲ್ಲದ ಕಂಪ್ಯೂಟರ್

ಕ್ಯಾಬಿನೆಟ್ಟಿನ ಮುಂದಿನ ಜಾಲರಿ ಕಳಚಿದ್ದೇ ತಡ, ಧೂಳಿನ ಜೊತೆ ನೋವಿನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಅಂಗಡಿಗೆ ರಿಪೇರಿಗೆ ಬರುವ ಕಂಪ್ಯೂಟರುಗಳೆಲ್ಲ ತಂತಮ್ಮ ಮನೆಯ ವಾಸನೆ ಹೊತ್ತೇ ಬರುತ್ತವೆ. ಹೋಟೆಲಿನದ್ದಕ್ಕೆ ಕರಿದೆಣ್ಣೆ, ಗೊಬ್ಬರದಂಗಡಿಯದ್ದಕ್ಕೆ ಹುಳುವಿನ ಔಷಧಿ. ನೋವಿನೆಣ್ಣೆ ಮಾತ್ರ ಮಳವಳ್ಳಿಯಲ್ಲಿ ಒಂದೇ ಒಂದು ಮನೆಯದು.

ಆಟೋದಲ್ಲಿ ಅದನ್ನು ತಂದವರು ಮೇಡಂ ಅವರ ಮಗಳು, ಯಲಿಯೂರಿಗೆ ಮದುವೆಯಾಗಿ ಹೋದವರು. ಅಮ್ಮನ ಮನೆ ಖಾಲಿ ಮಾಡುವಾಗ ವೈರುಗಳನ್ನೆಲ್ಲ ತಾವೇ ಸಿಕ್ಕಿಸಿ ನೋಡಿದರಂತೆ. ಪರದೆಯಲ್ಲಿ ಏನೂ ಬರಲಿಲ್ಲವಂತೆ. “ಕೆಟ್ಟೋಗದೆ ಅನ್ಸುತ್ತೆ ಕಣಣ್ಣ, ಸದ್ದೇ ಇಲ್ಲ. ಆಗ್ದಿದ್ರೆ ಗುಜರಿಗೆ ಹಾಕ್ಬುಡಿ” ಎಂದರು. ಸದ್ದೇ ಇಲ್ಲ ಎನ್ನುವ ಮಾತು ಕೇಳಿ ನನಗೆ ನಗು ಬಂತು. ಅದರ ಹಿಂದೆಯೇ ಉಳಿದದ್ದೆಲ್ಲ ಬಂತು...

ಹೈಸ್ಕೂಲಿನಲ್ಲಿ ನಮಗೆ ಸಮಾಜ ವಿಜ್ಞಾನ ಹೇಳಿಕೊಟ್ಟವರು ಮೇಡಂ. ಇತಿಹಾಸವನ್ನು ಬೇಗ ಬೇಗ ಮುಗಿಸಿ ಭೂಗೋಳಕ್ಕೆ ಓಡಿಬಿಡುತ್ತಿದ್ದರು. ಗೋಡೆಗೆ ಭೂಪಟ ತೂಗುಹಾಕಿ, ಕೋಲಿನ ತುದಿಯಲ್ಲಿ ನಮ್ಮನ್ನು ನೈಲ್ ನದಿಯ ಉದ್ದಕ್ಕೂ ನಡೆಸುತ್ತಿದ್ದರು. ಆದರೆ ತಾವು ಹೆಚ್ಚು ದೂರ ಹೋದವರಲ್ಲ. ಶಾಲೆಯ ಪ್ರವಾಸ ಎಂದರೆ ವರ್ಷ ವರ್ಷವೂ ಇಲ್ಲೇ ಹತ್ತಿರದ ಮುತ್ತತ್ತಿ. ವಿಮಾನವನ್ನು ಶಾಲೆಯ ಮೈದಾನದಲ್ಲಿ ನಿಂತು ಕತ್ತೆತ್ತಿ ನೋಡಿದ್ದಷ್ಟೆ. ಅವರ ಪ್ರಶ್ನೆಪತ್ರಿಕೆಯ ತುಂಬ ‘ಕಾರಣ ಕೊಡಿ’ ಎನ್ನುವ ಪ್ರಶ್ನೆಗಳೇ ಇರುತ್ತಿದ್ದವು, ಆ ಎರಡು ಪದ ಕಂಡರೆ ನನಗೆ ಇವತ್ತಿಗೂ ಅಂಗೈ ಬೆವರುತ್ತದೆ.

ನಿವೃತ್ತರಾದ ಮೇಲೆ ಒಂದು ದಿನ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಫೋನಿನಲ್ಲಿ ಯಾರೋ ವಿಮಾನ ಓಡಿಸುವ ಆಟ ಆಡುತ್ತಿದ್ದ ವಿಡಿಯೋ ನೋಡಿದ್ದರು. ಇಡೀ ಭೂಮಿಯೇ ಅದರಲ್ಲಿದೆಯಂತೆ, ನದಿ, ಬೆಟ್ಟ, ಊರು ಎಲ್ಲ. ಅದು ತಮಗೂ ಬೇಕು ಎಂದರು. ನಾನು ಕುರ್ಚಿ ಕೊಟ್ಟು ಕೂರಿಸಿ, ಆ ಆಟಕ್ಕೆ ಸಣ್ಣಪುಟ್ಟ ಕಂಪ್ಯೂಟರ್ ಸಾಲದು, ದೊಡ್ಡದನ್ನು ತಂದರೆ ಅದು ಬಿಸಿಯಾಗಿ ಫ್ಯಾನುಗಳೆಲ್ಲ ಹಿಟ್ಟಿನ ಗಿರಣಿ ಹಾಗೆ ಕೂಗುತ್ತವೆ ಎಂದು ವಿವರಿಸಿದೆ. ಅವರ ಮುಖ ಬಾಡಿತು.

ಆಮೇಲೆ ಮನೆಯ ಕಷ್ಟ ಹೇಳಿದರು. ಅವರ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಮಳವಳ್ಳಿ–ಮದ್ದೂರು ರೂಟಿನಲ್ಲೇ ಸವೆದವರು. ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಸರಿಯಾಗಿ ನಿದ್ದೆ ಬರುತ್ತಿದ್ದದ್ದು ಮಧ್ಯಾಹ್ನ ಊಟವಾದ ಮೇಲೆ ಮಾತ್ರ. ಸದ್ದಿಗೆ ಬೆಚ್ಚಿ ಎದ್ದರೆ ಮೈಯೆಲ್ಲ ನಡುಗಿ, ಸಂಜೆಯವರೆಗೂ ಸಮಾಧಾನವಾಗುತ್ತಿರಲಿಲ್ಲ. ಅವರ ಮಂಚ ಇದ್ದದ್ದು ಹಜಾರದಲ್ಲಿ, ಮೇಜು ಹಾಕಲು ಜಾಗವಿದ್ದದ್ದೂ ಅಲ್ಲೇ. ಮೇಡಂಗೆ ಇಡೀ ದಿನದಲ್ಲಿ ತಮ್ಮದು ಅಂತ ಇದ್ದದ್ದು ಆ ನಿದ್ದೆಯ ಹೊತ್ತು ಒಂದೇ.

“ಸೂಜಿ ಬಿದ್ರೂ ಎದ್ಬುಡ್ತಾರೆ ಕಣ್ಲಾ. ಆಟ ಜೋರಾಗಿ ಓಡ್ಬೇಕು, ಸದ್ದು ಬರ್ಬಾರ್ದು. ಆಯ್ತದಾ?”

ಆಯ್ತದೆ ಮೇಡಂ ಎಂದುಬಿಟ್ಟೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಜೋಡಿಸಿದ್ದೆಲ್ಲ ಬಿಲ್ಲು ಹೊಡೆಯುವ, ಪಹಣಿ ತೆಗೆಯುವ ಕಂಪ್ಯೂಟರುಗಳು. ಇಂಥದ್ದೊಂದು ಕೆಲಸಕ್ಕಾಗಿ ನಾನು ಎಷ್ಟು ಬಾಯಿ ಬಿಟ್ಟುಕೊಂಡು ಕೂತಿದ್ದೆ ಎನ್ನುವುದು ಅವರು ಕೇಳಿದ ಮೇಲೆಯೇ ತಿಳಿದದ್ದು. ಅಂಗಡಿಗೆ ಬಂದ ಗಿರಾಕಿಗಳನ್ನು ನಿಲ್ಲಿಸಿಕೊಂಡೇ ಫೋನಿನಲ್ಲಿ ಫ್ಯಾನುಗಳ ಚಿತ್ರ ನೋಡುತ್ತಿದ್ದೆ.

ಯಜಮಾನರಿಗೆ ಎಣ್ಣೆ ತಿಕ್ಕಿ, ತಿಂಡಿ ತಿನ್ನಿಸಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಮೇಡಂ ಒಂದು ಗಳಿಗೆ ಅಂಗಡಿಗೆ ಬರುತ್ತಿದ್ದರು. ಕೈಗೆ ನೋವಿನೆಣ್ಣೆಯ ವಾಸನೆ ಅಂಟಿಕೊಂಡೇ ಇರುತ್ತಿತ್ತು. ನಾನು ಒಂದೊಂದು ಭಾಗದ ಹೆಸರು ಹೇಳುವುದು, ಅವರು “ಕಾರಣ ಕೊಡು” ಎನ್ನುವುದು. ಎಲ್ಲಕ್ಕಿಂತ ವೇಗದ ಪ್ರೊಸೆಸರ್ ಬೇಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು ಎಂದೆ. ಕೆಲಸ ಹೆಚ್ಚುಕಮ್ಮಿ ಅಷ್ಟೇ ಮಾಡುತ್ತದೆ, ಬಿಸಿ ಬಹಳ ಕಡಿಮೆ. ಬಿಸಿ ಕಡಿಮೆಯಾದರೆ ಫ್ಯಾನು ನಿಧಾನ, ಫ್ಯಾನು ನಿಧಾನವಾದರೆ ಸದ್ದಿಲ್ಲ. ಅದರ ಜೊತೆ ಡಬ್ಬಿಯಲ್ಲಿ ಬರುವ ಪುಟ್ಟ ಫ್ಯಾನೂ ಬೇಡ ಎಂದೆ. ಕಾರಣ ಕೊಡುವ ಬದಲು ಅಂಗಡಿಯ ಟೇಬಲ್ ಫ್ಯಾನು ಹಾಕಿ ತೋರಿಸಿದೆ, ಆಮೇಲೆ ಮೇಲಿನ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದೆ. ಚಿಕ್ಕದು ಕಿರುಚುತ್ತಿತ್ತು, ದೊಡ್ಡದು ಸುಮ್ಮನೆ ಗಾಳಿ ಕೊಡುತ್ತಿತ್ತು. ಅವರು ತಲೆಯಾಡಿಸಿದರು. ಆವತ್ತು ನನಗೆ ಪೂರ್ತಿ ಅಂಕ.

ನೀರು ಹರಿಸಿ ತಣ್ಣಗಿಡುವ ಪದ್ಧತಿಯೂ ಉಂಟು ಎಂದಾಗ ಅವರ ಕಣ್ಣು ಅರಳಿತು. ಒಳಗೆ ಒಂದು ಪುಟ್ಟ ಕಾವೇರಿ ಹರಿಯುತ್ತದೆ ಎನ್ನು ಎಂದರು. ಆದರೆ ನೀರನ್ನು ನೂಕುವ ಪಂಪು ಗುಂಯ್ ಅನ್ನುತ್ತದೆ ಎಂದದ್ದೇ ತಡ, ಕಾವೇರಿಯನ್ನು ಅಲ್ಲಿಗೇ ಬಿಟ್ಟರು. ಬಣ್ಣದ ದೀಪ ಹೊತ್ತುವ ಗಾಜಿನ ಕ್ಯಾಬಿನೆಟ್ ನನಗೆ ಬಹಳ ಇಷ್ಟವಾಗಿತ್ತು. “ಮದ್ವೆ ಮನೆ ಸೀರಿಯಲ್ ಸೆಟ್ಟಾ ಇದು?” ಎಂದು ಕೇಳಿ ನನ್ನ ಆಸೆಗೆ ನೀರು ಹೊಯ್ದರು. ಕೊನೆಗೆ ಆರಿಸಿದ್ದು ಒಳಗೋಡೆಗೆ ಸ್ಪಂಜು ಹೊದಿಸಿದ ಕರಿಯ ಕ್ಯಾಬಿನೆಟ್, ತಿರುಗುವ ತಟ್ಟೆಯಿಲ್ಲದ ಡಿಸ್ಕು, ಬಿಸಿಯಾಗದಿರಲೆಂದು ಬೇಕಾದ್ದಕ್ಕಿಂತ ಒಂದು ಸುತ್ತು ದೊಡ್ಡದಾದ ಪವರ್ ಸಪ್ಲೈ. ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಮಂಡ್ಯಕ್ಕೆ ಹೋದೆ. ಬಿಸಿಯಾಗುವ ತನಕ ಫ್ಯಾನು ತಿರುಗದ ಕಾರ್ಡು ಬೇಕು, ಅರವತ್ತು ದಾಟಿದ ಮೇಡಂ ಒಬ್ಬರಿಗೆ ಎಂದೆ. ಅಂಗಡಿಯವನು ನಕ್ಕ. ನಾನೂ ನಕ್ಕೆ, ಕಾರ್ಡು ಮಾತ್ರ ತರಿಸಿಕೊಂಡೇ ಬಂದೆ.

ಜೋಡಿಸಿದ ದಿನ ಮೇಡಂ ಎದುರಿಗೇ ಕೂತಿದ್ದರು. ಗುಂಡಿ ಒತ್ತಿದೆ. ಏನೂ ಕೇಳಿಸಲಿಲ್ಲ. ಇಷ್ಟೆಲ್ಲ ಮಾಡಿ ಆನ್ ಆಗಲಿಲ್ಲವೇ ಎಂದು ವೈರುಗಳನ್ನು ತಡಕಿದೆ. ಮೇಡಂ ಎದ್ದು ಬಂದು, ಅಂಗೈ ಮಗುಚಿ, ಬೆರಳುಗಳ ಹಿಂಭಾಗವನ್ನು ಕ್ಯಾಬಿನೆಟ್ಟಿನ ಬೆನ್ನ ಹತ್ತಿರ ಹಿಡಿದರು.

“ಗಾಳಿ ಬತ್ತಾ ಅದೆ ಕಣ್ಲಾ” ಎಂದರು. ಕೈ ಹಾಗೇ ಹಿಡಿದುಕೊಂಡು, “ದಿನಾ ಬೆಳಗ್ಗೆ ಎದ್ದೇಟ್ಗೆ ನಮ್ಮನೇವ್ರ ಮೂಗಿನ್ ತಾವ ಹಿಂಗೇ ಇಟ್ ನೋಡ್ತೀನಿ” ಎಂದರು.



ಮಾರನೆಯ ದಿನ ಅದನ್ನು ಅವರ ಮನೆಗೆ ಹೊತ್ತುಕೊಂಡು ಹೋದೆ. ಮಧ್ಯಾಹ್ನ ಯಜಮಾನರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾವಿಬ್ಬರೂ ಕಳ್ಳರ ಹಾಗೆ ಕೈಸನ್ನೆಯಲ್ಲೇ ಮಾತಾಡಿಕೊಂಡು ಆಟ ಶುರುಮಾಡಿದೆವು. ಮೊದಲು ನೈಲ್ ನದಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಹುಡುಕಿದ್ದು ಮಳವಳ್ಳಿಯನ್ನು. ಒಂದು ಪುಟ್ಟ ವಿಮಾನ ನಮ್ಮೂರಿನ ಕೆರೆಯ ಮೇಲೆ ತೂಗಾಡುತ್ತ ತಿರುಗಿತು. ಮೇಡಂ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದರು. ಕುಣಿದಾಡುವಷ್ಟು ಸಂತೋಷ ನನಗೆ, ಕುಣಿದರೆ ಸದ್ದಾಗುತ್ತದಲ್ಲ ಎಂದು ಕಾಲು ಬಿಗಿಹಿಡಿದು ನಿಂತಿದ್ದೆ. ಹಾಗೇ ಹಿಂದಕ್ಕೆ ತಿರುಗಿದೆ.

ಯಜಮಾನರು ಈ ಕಡೆಗೆ ಹೊರಳಿದ್ದರು. ಕಣ್ಣುಗಳು ತೆರೆದಿದ್ದವು.

ಎಲ್ಲ ಹಾಳಾಯಿತು, ಇನ್ನು ನಡುಕ ಶುರುವಾಗುತ್ತದೆ ಎಂದುಕೊಂಡೆ. ಮೇಡಂ ಓಡಿಹೋಗಿ ಎದೆ ಸವರಿದರು. ಯಜಮಾನರು ನಡುಗುತ್ತಿರಲಿಲ್ಲ. ಎಡಗೈ ಎತ್ತಿ ಮೇಡಂ ಅವರನ್ನು ಪಕ್ಕಕ್ಕೆ ಸರಿಸಿದರು, ಪರದೆ ಕಾಣುತ್ತಿಲ್ಲ ಎನ್ನುವ ಹಾಗೆ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಏನೋ. ಸದ್ದಿಗೆ ಎದ್ದವರಲ್ಲ, ತಾವಾಗಿಯೇ ಎಚ್ಚರವಾಗಿ ಸುಮ್ಮನೆ ಮಲಗಿ ನೋಡುತ್ತಿದ್ದರು.

ಮಂಚವನ್ನು ಪರದೆಯ ಕಡೆಗೆ ತಿರುಗಿಸಿದೆವು. ಮೇಡಂ ವಿಮಾನವನ್ನು ಕೆಳಮಟ್ಟಕ್ಕೆ ತಂದು ಮದ್ದೂರು ರಸ್ತೆಯ ಮೇಲೆಯೇ ಹಾರಿಸಿದರು, ಬಸ್ಸು ಹೋದ ದಾರಿಯಲ್ಲಿ. ಯಜಮಾನರ ಬೆರಳು ತಿರುವು ಬರುವ ಮೊದಲೇ ಆ ಕಡೆಗೆ ವಾಲುತ್ತಿತ್ತು. ಚಿಕ್ಕರಸಿನಕೆರೆ ಕಡೆಗೆ ರಸ್ತೆ ಒಡೆಯುವಲ್ಲಿ ಬೆರಳು ಎತ್ತಿ, ನಿಲ್ಲಿಸು ಎಂಬಂತೆ ಹಿಡಿದರು. ಅಲ್ಲಿ ಸ್ಟಾಪಿತ್ತಂತೆ. ವಿಮಾನ ನಿಲ್ಲುವುದಿಲ್ಲ ಎಂದು ಮೇಡಂ ತಿಳಿಹೇಳಿದರು. ಯಜಮಾನರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿ ಕಿವಿಯನ್ನು ತಟ್ಟಿಕೊಳ್ಳತೊಡಗಿದರು. ನನಗೆ ಅರ್ಥವಾಗಲಿಲ್ಲ, ಮೇಡಂಗೆ ಆಯಿತು.

“ಇಂಜಿನ್ ಸದ್ದು ಬೇಕಂತೆ ಕಣ್ಲಾ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾರಗಟ್ಟಲೆ ಕಾರಣ ಕೊಟ್ಟು, ಒಂದೊಂದೇ ಸದ್ದನ್ನು ಹುಡುಕಿ ಅಡಗಿಸಿದ್ದೆವು! ನಗು ತಡೆಯಲಾಗಲಿಲ್ಲ, ಗಟ್ಟಿಯಾಗಿಯೇ ನಕ್ಕೆವು. ಅಂಗಡಿಗೆ ಓಡಿಹೋಗಿ ಇದ್ದುದರಲ್ಲಿ ದೊಡ್ಡ ಸ್ಪೀಕರ್ ಜೋಡಿ ತಂದೆ. ಇಂಜಿನ್ನು ಗುಡುಗಿತು. ಅದರ ಹಿಂದೆ ಫ್ಯಾನಿನ ಒಂದು ಎಳೆಯೂ ಕೇಳಿಸದೆ, ಇಂಜಿನ್ನೊಂದೇ ಹಜಾರದ ತುಂಬ ಕೇಳಿಸಿತು. ಯಜಮಾನರ ಎಡಗಾಲು ಹೊದಿಕೆಯೊಳಗೆ ಮೇಲೆ ಕೆಳಗೆ ಆಡುತ್ತಿತ್ತು. ಕ್ಲಚ್ಚು ತುಳಿಯುತ್ತಿದ್ದರು.

ಅಲ್ಲಿಂದಾಚೆ ಇಬ್ಬರೂ ದಿನಾ ಹೊರಟರು. ನೈಲ್ ನದಿಗೂ ಹೋದರು, ಹಿಮಾಲಯಕ್ಕೂ ಹೋದರು, ಆದರೆ ಸಂಜೆಗೆ ಮದ್ದೂರು ರಸ್ತೆಗೇ ವಾಪಸ್ಸು. ಧೂಳು ಹೊಡೆಯುವ ನೆಪದಲ್ಲಿ ನಾನೂ ಆಗಾಗ ಹೋಗಿ ಕೂರುತ್ತಿದ್ದೆ. ಆಮೇಲೆ ಯಜಮಾನರು ಹೋದರು... ಅದಾದ ಮೇಲೆ ಒಮ್ಮೆ ಹೋದಾಗ ಸ್ಪೀಕರಿನ ಸದ್ದು ಬೀದಿಗೇ ಕೇಳಿಸುತ್ತಿತ್ತು. ಸ್ವಲ್ಪ ಕಡಿಮೆ ಮಾಡಲೇ ಎಂದೆ. “ಎದ್ದೇಳೋರ್ ಯಾರವ್ರೆ ಬುಡು” ಎಂದರು. ಹೋದ ಆಷಾಢದಲ್ಲಿ ಮೇಡಂ ಕೂಡ ಹೋದರು. ಮಣ್ಣಿಗೆ ಹೋಗಿ ಬಂದಿದ್ದರೂ ನನಗೆ ಅದು ಇನ್ನೂ ಪೂರ್ತಿ ಮನಸ್ಸಿಗೆ ಇಳಿದಿರಲಿಲ್ಲ.

ಇಳಿದದ್ದು ಇವತ್ತು, ಆ ಎಣ್ಣೆಯ ವಾಸನೆಗೆ. ಕಣ್ಣು ಒರೆಸಿಕೊಂಡು, ಧೂಳು ಊದಿ, ಜಾಲರಿ ತೊಳೆದು ಹಾಕಿ, ಅಂಗಡಿಯಲ್ಲೇ ಕಾಯುತ್ತ ಕೂತಿದ್ದ ಮಗಳಿಗೆ, ಮನೆಯಲ್ಲಿ ಸಿಕ್ಕಿಸಿದ್ದ ಹಾಗೆಯೇ ಎಲ್ಲ ವೈರು ಸಿಕ್ಕಿಸಲು ಹೇಳಿದೆ. ಪರದೆಯ ವೈರನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಬದಲು ಅದರ ಮೇಲಿದ್ದ, ಚಿತ್ರ ಬಾರದ ಇನ್ನೊಂದು ತೂತಿಗೆ ಕೊಟ್ಟರು. ಅಷ್ಟೇ ಆಗಿದ್ದದ್ದು. ಸರಿಪಡಿಸುವ ಮೊದಲು ಗುಂಡಿ ಒತ್ತಿದೆ.

“ನೋಡಣ್ಣ, ಆನ್ ಆಯ್ತಾನೇ ಇಲ್ಲ” ಎಂದರು ಮಗಳು.

ಹಿಂದೆ ಕೈ ಇಟ್ಟು ನೋಡಿ ಎಂದೆ. ಅಂಗೈ ಇಟ್ಟರು. ಹಾಗಲ್ಲ, ಕೈ ಮಗುಚಿ ಹಿಡಿಯಿರಿ ಎಂದೆ. ಮಗುಚಿದವರು ಹಾಗೇ ನಿಂತುಬಿಟ್ಟರು. “ಅಮ್ಮ ಅಪ್ಪಂಗೆ ಹಿಂಗೇ...” ಎಂದು ಅರ್ಧಕ್ಕೇ ನಿಲ್ಲಿಸಿದರು.

ನಾನು ವೈರು ಬದಲಿಸಿದೆ. ಪರದೆ ಬೆಳಗಿತು. ಅವರು ಆ ಕಡೆ ನೋಡಲಿಲ್ಲ, ಕೈಯನ್ನು ಗಾಳಿ ಬರುತ್ತಿದ್ದಲ್ಲೇ ಹಿಡಿದುಕೊಂಡಿದ್ದರು.