ರಿಫಾದ ಉಸುಕಿನಲ್ಲಿ ತವರಿನ ಬೊಟ್ಟು

ಮಕ್ಕಳ ಪಾರ್ಕಿನಲ್ಲಿ ಮೂವತ್ತೈದು ದಾಟಿದ ಹೆಂಗಸೊಬ್ಬಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಜಾರುಬಂಡೆಯ ಸುತ್ತ ಮೆಟಲ್ ಡಿಟೆಕ್ಟರ್ ಆಡಿಸುತ್ತ ನಡೆದರೆ ಜನ ನೋಡದೆ ಇರುತ್ತಾರೆಯೇ? ಬಹರೇನಿನ ರಿಫಾದಲ್ಲಿ ನಮ್ಮ ಫ್ಲ್ಯಾಟಿನ ಹಿಂದಿರುವ ಪಾರ್ಕಿನಲ್ಲಿ ಹೋದ ಚಳಿಗಾಲವಿಡೀ ನೋಡಿದರು. ನನ್ನ ಮಗಳಂತೂ "ಅಮ್ಮಾ, ಪ್ಲೀಸ್, ಸೋ ಎಂಬರಾಸಿಂಗ್" ಎಂದು ಬೆಂಚಿನ ಮೇಲೆ ನನಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ನೋಡುವವರು ನೋಡಲಿ ಎಂದುಕೊಂಡೆ. ಕಳೆದುಕೊಂಡವಳು ನಾನು, ಅವರಲ್ಲ.

ನಮ್ಮ ಕಡೆ ತಾಳಿಗೆ ಎರಡು ಬೊಟ್ಟು. ಒಂದು ಗಂಡನ ಮನೆಯದು, ಇನ್ನೊಂದು ತವರಿನದು. ಕಳೆದದ್ದು ತವರಿನದು. ಅವ್ವ ತನ್ನ ಬೆಂಡೋಲೆ ಕರಗಿಸಿ ಅದನ್ನು ಮಾಡಿಸಿದ್ದಳು. ಅವ್ವ ಈಗಿಲ್ಲ, ಅಪ್ಪ ಅದಕ್ಕೂ ಮೊದಲೇ ಹೋದ. ಒಡಹುಟ್ಟಿದವರಿಲ್ಲ. ದಾವಣಗೆರೆಯ ಬಾಡಿಗೆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ನನಗೆ ತವರು ಎಂದು ಉಳಿದಿದ್ದರೆ ಆ ಬಟಾಣಿ ಕಾಳಿನಷ್ಟು ಚಿನ್ನ ಮಾತ್ರ.

ಕಳೆದ ರೀತಿ ಕೇಳಿದರೆ ನಗು ಬರುತ್ತದೆ. ಸರದ ಕೊಂಡಿ ಸವೆದಿತ್ತು. ಬೆಸುಗೆಗೆಂದು ಮನಾಮಾದ ಚಿನ್ನದ ಬಜಾರಿನಲ್ಲಿ ಕೊಟ್ಟು ಬಂದೆ. ಸರವಿಲ್ಲದ ಆ ನಾಲ್ಕು ದಿನ ತಾಳಿಯನ್ನು ಬೀರುವಿನಲ್ಲಿ ಇಟ್ಟಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಕೊರಳು ಬರಿದಾಗಬಾರದಲ್ಲ! ನಮ್ಮೂರಲ್ಲಿ ಎಲ್ಲರೂ ಮಾಡುವ ಹಾಗೆ ಹೊಲಿಗೆ ದಾರಕ್ಕೆ ಅರಿಶಿನ ಹಚ್ಚಿ, ಎರಡು ಬೊಟ್ಟು, ನಾಲ್ಕು ಕರಿಮಣಿ ಪೋಣಿಸಿ ಕಟ್ಟಿಕೊಂಡೆ. ಆ ಸಂಜೆ ಪಾರ್ಕಿನಲ್ಲಿ ಮಗಳು ನನ್ನ ತೊಡೆಯ ಮೇಲೆ ಕೂತೇ ಜಾರಬೇಕೆಂದು ಹಟ ಹಿಡಿದಳು. ಜಾರುವಾಗ ಹೆದರಿ ಕೊರಳಿಗೆ ಕೈ ಹಾಕಿದಳು. ದಾರ ತುಂಡಾಯಿತು. ಗಂಡನ ಮನೆಯ ಬೊಟ್ಟು ಕಮೀಜಿನ ಮಡಿಕೆಯಲ್ಲಿ ಸಿಕ್ಕಿತು. ಕರಿಮಣಿಗಳೂ ಉಸುಕಿನ ಮೇಲೆಯೇ ಕಂಡವು. ಅವ್ವನದು ಮಾತ್ರ ಇಲ್ಲ.

"ಬಿಡೇ, ಇನ್ನೊಂದು ಮಾಡಿಸಿದ್ರಾಯ್ತು" ಎಂದ ನನ್ನ ಗಂಡ. ಒಳ್ಳೆಯವನೇ, ಆದರೆ ಅವನಿಗೆ ಚಿನ್ನವೆಂದರೆ ಚಿನ್ನ. ಆ ರಾತ್ರಿ ಅವನಿಗೆ ಅನ್ನ ಬಡಿಸಿದೆ, ಮಾತಾಡಿಸಲಿಲ್ಲ.

ನಾನು ಲೆಕ್ಕ ಬರೆಯುವ ಸಲ್ಮಾಬಾದಿನ ಗೋದಾಮಿನ ಆಫೀಸಿನಲ್ಲಿ ಉಡುಪಿ ಕಡೆಯ ಕ್ರೈಸ್ತರೊಬ್ಬರಿದ್ದಾರೆ. ರಜಾದಿನ ಸಮುದ್ರದ ದಂಡೆಯಲ್ಲಿ ಮೆಷಿನ್ ಹಿಡಿದು ಓಡಾಡುವುದು ಅವರ ಹವ್ಯಾಸ. ಕೇಳಿದ ಕೂಡಲೇ ಮೆಷಿನ್ ಕಾರಿಗೆ ಹಾಕಿಕೊಂಡು ಬಂದರು.

"ಎಂತ ಮಾರಾಯ್ರೆ, ನಮ್ಮ ಮನೆಯವಳು ಚೈನ್ ರಿಪೇರಿಗೆ ಕೊಟ್ರೆ ಕರಿಮಣಿ ಲಾಕರಲ್ಲಿ ಇಡ್ತಾಳೆ. ನೀವು ಚಿನ್ನವನ್ನು ನೂಲಿಗೆ ಕಟ್ಟಿ ಜಾರುಬಂಡೆ ಹತ್ತಿದ್ದಾ?" ಎಂದು ಮೊದಲು ಕಾಲೆಳೆದರು. ಆಮೇಲೆ ಗಂಡನ ಮನೆಯ ಬೊಟ್ಟನ್ನು ಇಸಿದುಕೊಂಡು ಉಸುಕಿನ ಮೇಲಿಟ್ಟು ಮೆಷಿನ್ ಆಡಿಸಿ ತೋರಿಸಿದರು. ಅದು ಕೀರಲು ದನಿಯಲ್ಲಿ ಒಮ್ಮೆ ಕುಂಯ್‌ಗುಟ್ಟಿತು. "ಕೇಳಿದ್ರಾ? ಹೊರಗೆ ತೆಳು ತಗಡು, ಒಳಗೆ ಬರೀ ಅರಗು. ಮೆಷಿನಿಗೆ ಇದೂ ಒಂದೇ, ಶವರ್ಮಾ ಸುತ್ತಿದ ಫಾಯಿಲ್ ಚೂರೂ ಒಂದೇ. ಕಸ ಅಂತ ಬಿಟ್ರೆ ಚಿನ್ನವನ್ನೂ ಬಿಟ್ಟ ಹಾಗೆ. ಎಲ್ಲ ಅಗೆಯಬೇಕು. ಅಗೆದ ಗುಂಡಿ ಮುಚ್ಚಬೇಕು, ಮಕ್ಕಳು ಬೀಳ್ತಾರೆ."

ಎಲ್ಲವನ್ನೂ ಅಗೆದೆ. ಫಿಲ್ಸ್ ನಾಣ್ಯ, ಹೇರ್‌ಪಿನ್, ಆಟದ ಕಾರಿನ ಗಾಲಿ, ಪೆಪ್ಸಿ ಡಬ್ಬಿಯ ಕಿವಿ ಎಲ್ಲ ಸಿಕ್ಕವು. ಇಡೀ ಬಹರೇನ್ ಇಲ್ಲೇ ಕೂತು ಶವರ್ಮಾ ತಿಂದಿತ್ತೋ ಏನೋ, ಫಾಯಿಲಿಗೆ ಕೊನೆಯೇ ಇರಲಿಲ್ಲ. ಪ್ರತಿ ಸಲ ಕೀರಲು ದನಿ ಕೇಳಿದಾಗ ಇದೇ ಎಂದುಕೊಳ್ಳುತ್ತಿದ್ದೆ. ಪ್ರತಿ ಸಲ ಫಾಯಿಲ್. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದು ಎಂದರೆ ಏನೆಂದು ನನಗೆ ಅಲ್ಲಿ ತಿಳಿಯಿತು.

ಫೆಬ್ರವರಿಯ ಒಂದು ಸಂಜೆ ಜೋಕಾಲಿಯ ಬಳಿ ಮತ್ತೆ ಅದೇ ದನಿ. ಉಸುಕು ತೋಡಿದಾಗ ಹಳದಿ ಕಂಡಿತು. ನನ್ನ ಬಾಯಿಂದ "ಅವ್ವಾ" ಎಂದು ಕೂಗೇ ಬಂತು. ಅಂಗೈಯಲ್ಲಿಟ್ಟು ಉಸುಕು ಒರೆಸಿದೆ. ಎಲೆಯ ಆಕಾರದ ಪುಟ್ಟ ಚಿನ್ನ, ಮೇಲೆ ಚುಕ್ಕೆಗಳಲ್ಲಿ ಮೂಡಿಸಿದ ಶಿಲುಬೆ. ಮಲಯಾಳಿ ಕ್ರೈಸ್ತ ಹೆಂಗಸರ ತಾಳಿ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಬೇರೆಯವಳ ತಾಳಿ ಸಿಗುತ್ತದೆ, ನನ್ನದೇಕೆ ಸಿಗುವುದಿಲ್ಲ ಎಂದು ಅಲ್ಲೇ ಕೂತು ಅತ್ತೆ.

ಇನ್ನೊಬ್ಬಳ ತಾಳಿಯನ್ನು ಮನೆಯೊಳಗೆ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಅರಿಶಿನ ಹಾಕಿದ ಬಟ್ಟಲಿನಲ್ಲಿಟ್ಟು ಬಾಲ್ಕನಿಯಲ್ಲಿ ಮುಚ್ಚಿಟ್ಟೆ. ಇಂಡಿಯನ್ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದೆ: ಪಾರ್ಕಿನಲ್ಲಿ ತಾಳಿ ಸಿಕ್ಕಿದೆ, ಗುರುತು ಹೇಳಿ ಒಯ್ಯಿರಿ. ಫೋನುಗಳು ಬಂದವು. ಯಾರೂ ಈ ತಾಳಿಯ ಗುರುತು ಹೇಳಲಿಲ್ಲ. ಒಬ್ಬಳದು ಸಮುದ್ರದಲ್ಲಿ ಹೋಗಿತ್ತು, ಇನ್ನೊಬ್ಬಳದು ಹೆರಿಗೆಯಾದ ಆಸ್ಪತ್ರೆಯಲ್ಲಿ.

ಕೊನೆಗೆ ಫೋನ್ ಮಾಡಿದವಳು ದೂರದ ಅರಾದ್ ಎಂಬ ಊರಿನ ಒಬ್ಬ ಮಲಯಾಳಿ ನರ್ಸ್. ಅವಳ ತಾಳಿಯ ಶಿಲುಬೆಗೆ ಕೆಂಪು ಹರಳಿತ್ತಂತೆ, ಕಳೆದದ್ದು ಅರಾದಿನಲ್ಲೇ. "ಹಾಗಾದರೆ ಇದು ನಿಮ್ಮದಲ್ಲ" ಎಂದೆ ಹಿಂದಿಯಲ್ಲಿ.

"ಮಾಲೂಮ್ ಹೈ," ಎಂದಳು. "ಫಿರ್ ಭೀ, ಏಕ್ ಬಾರ್ ದೇಖ್ ಲೂಂ?"

ತನ್ನದಲ್ಲವೆಂದು ಗೊತ್ತಿದ್ದೂ ನೋಡುವುದೇನು ಎಂದುಕೊಂಡೆ. ಆದರೂ ಬಾ ಎಂದೆ. ಡ್ಯೂಟಿ ಮುಗಿಸಿ ಬಸ್ಸು ಬದಲಿಸಿ ಬಂದಳು. ಕೂದಲು ನರೆತಿತ್ತು. ಕನ್ನಡಕ ಏರಿಸಿ, ಆ ತಾಳಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಟ್ಟಲಿಗೆ ವಾಪಸು ಹಾಕಿದಳು. ಚಹಾ ಕೊಟ್ಟೆ. ಕಳೆದದ್ದು ಯಾವಾಗ ಎಂದು ಕೇಳಿದೆ. ಆಗ ಮಗ ಎಲ್‌ಕೇಜಿಯಲ್ಲಿದ್ದನಂತೆ. ಈಗ ಅವನಿಗೇ ಮದುವೆಯಾಗಿದೆ. ಎಲ್ಲಾದರೂ ಏನಾದರೂ ಸಿಕ್ಕಿದೆ ಎಂದು ಕಿವಿಗೆ ಬಿದ್ದರೆ ಸಾಕು, ಇಂದಿಗೂ ಹೋಗಿ ನೋಡಿ ಬರುತ್ತಾಳಂತೆ. ಇದನ್ನೆಲ್ಲ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು.

ಮರುದಿನ ಆ ತಾಳಿಯನ್ನು ಆಫೀಸಿನ ಉಡುಪಿಯವರ ಕೈಗೆ ಕೊಟ್ಟು ಚರ್ಚಿಗೆ ಮುಟ್ಟಿಸಲು ಹೇಳಿದೆ. ಮೆಷಿನನ್ನೂ ಮರಳಿಸಿದೆ. "ಮುಗೀತಾ ಮೇಡಂ? ಇನ್ನೂ ಆ ಕಡೆಯ ಅಂಚು ಉಂಟಲ್ಲ?" ಎಂದರು ಅವರು. "ಸಾಕು" ಎಂದೆ.

ಮನೆಗೆ ಬಂದು ಗಂಡನಿಗೆ, "ಆಯ್ತು, ಇನ್ನೊಂದು ಮಾಡಿಸಿ" ಎಂದೆ. ಅವನು ಆ ವಾರವೇ ಖುಷಿಯಿಂದ ಮಾಡಿಸಿ ತಂದ. ಹಳೆಯದಕ್ಕಿಂತ ಗಟ್ಟಿಯಾಗಿದೆ, ಹೊಳಪೂ ಹೆಚ್ಚು. ಈಗ ನನ್ನ ಕೊರಳಲ್ಲಿ ಎರಡು ಬೊಟ್ಟುಗಳಿವೆ. ಎರಡೂ ಗಂಡನ ಮನೆಯವೇ.