ಎಂಜಲು ಹಚ್ಚಿದ ಹಾಳೆ

ತಂತಿ ಹರಿಯಬಹುದಿತ್ತು, ಕಮಾನು ಮುಂದಿನವರ ಬೆನ್ನಿಗೆ ಚುಚ್ಚಬಹುದಿತ್ತು, ಎಲ್ಲರೂ ನಿಲ್ಲಿಸಿದ ಮೇಲೂ ನಾನೊಬ್ಬನೇ ಪಿಟೀಲು ಕುಯ್ಯುತ್ತಿರಬಹುದಿತ್ತು. ಇಂಗ್ಲೆಂಡಿನ ಡರ್ಬಿ ಊರಿನ ಹವ್ಯಾಸಿ ವಾದ್ಯವೃಂದದಲ್ಲಿ ಅದು ನನ್ನ ಮೊದಲ ಕಛೇರಿ. ಒಂದು ಬೇಡದ ಸದ್ದು ಬಂದರೂ ವೃಂದದಲ್ಲಿನ ಕುರ್ಚಿ ಹೋಯಿತು ಎಂದು ನಿರ್ದೇಶಕರು ನಗುತ್ತಲೇ ಎಚ್ಚರಿಸಿದ್ದರು.

ನುಡಿಸಬೇಕಾದದ್ದು ಹತ್ತೊಂಬತ್ತನೆಯ ಶತಮಾನದ ಸಂಗೀತಗಾರನೊಬ್ಬ ತನ್ನದೇ ಹಾಡುಗಳ ಮಾತು ತೆಗೆದು, ಬರೀ ತಂತಿವಾದ್ಯಗಳಿಗೆ ಹೊಂದಿಸಿದ ಕೃತಿ. ಇಬ್ಬರು ವಾದಕರಿಗೆ ಒಂದೇ ಸ್ವರಲಿಪಿಯ ಪುಸ್ತಕ. ನನ್ನ ಪಕ್ಕದ ಕುರ್ಚಿಯ ನಿವೃತ್ತ ಮೇಷ್ಟರು ಹಾಳೆ ತಿರುಗಿಸುವ ಮುಂಚೆ ಬೆರಳನ್ನು ನಾಲಿಗೆಗೆ ಚೆನ್ನಾಗಿ ಉಜ್ಜುತ್ತಾರೆ. ಮೂಲೆಗಳೆಲ್ಲ ಕಂದಿ, ಉಬ್ಬಿ, ಮೆತ್ತಗಾಗಿವೆ. ಅಭ್ಯಾಸಕ್ಕೆಂದು ಮನೆಗೆ ತಂದಾಗ ಹೆಂಡತಿ, "ರೀ, ಆ ಎಂಜಲನ್ನ ಡೈನಿಂಗ್ ಟೇಬಲ್ ಮೇಲೆ ಇಟ್ರೆ ನೋಡಿ!" ಎಂದು ಪುಸ್ತಕವನ್ನೂ ನನ್ನನ್ನೂ ಗ್ಯಾರೇಜಿಗೆ ಅಟ್ಟಿದ್ದಳು.

ಊರಿನ ಚರ್ಚಿನಲ್ಲಿ ನಡೆದ ಕಛೇರಿಯಲ್ಲಿ ತಂತಿ ಹರಿಯಲಿಲ್ಲ, ಕಮಾನು ಜಾರಲಿಲ್ಲ, ಒಂದು ಅಪಸ್ವರವೂ ಬರಲಿಲ್ಲ. ಕೊನೆಯ ಪುಟಕ್ಕೆ ಮುಂಚೆ ಎಲ್ಲ ವಾದ್ಯಗಳೂ ನಿಲ್ಲುವ ಮೌನದಲ್ಲಿ ಇಡೀ ಚರ್ಚು ಉಸಿರು ಬಿಗಿಹಿಡಿದಿತ್ತು. ಮೇಷ್ಟರ ನಾಲಿಗೆ ಹೊರಬಂತು. ಬೆರಳಿನಿಂದ ಹಾಳೆಯವರೆಗೆ ಜೊಲ್ಲಿನ ಎಳೆಯೊಂದು ದೀಪದ ಬೆಳಕಿಗೆ ಹೊಳೆಯಿತು. ನಿರ್ದೇಶಕರಿಗೂ ಕೇಳುಗರ ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸುವಂತೆ ನನ್ನ ಬಾಯಿಂದ ಬಂದೇಬಿಟ್ಟಿತು: "ಛೀ!"