ಎದೆಗೆ ಹೋಗುವ ಎಡಗೈ

ಆ ಭಾನುವಾರ ಇಳಕಲ್ಲಿನಿಂದ ಬಾದಾಮಿಗೆ ಹೊರಟಾಗ ಬಾಡಿಗೆ ಗಾಡಿಯಲ್ಲಿ ಹನ್ನೆರಡು ಮಂದಿ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಮಾತ್ರ ಹುನಗುಂದ ದಾಟುವ ಮೊದಲೇ ವರಸೆಗಳನ್ನೆಲ್ಲ ಎರಡು ಸಲ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದೆ. ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಅಜ್ಜನಿಗೆಂದು ಕರದಂಟು ಕೊಂಡೆ. ಕೊಂಡ ಮೇಲೆ ಅದೇ ಒಂದು ಚಿಂತೆಯಾಯಿತು. ಎಂಬತ್ತರ ಹತ್ತಿರದ ಮುದುಕರು, ಹಲ್ಲು ಇವೆಯೋ ಇಲ್ಲವೋ?

ಅಜ್ಜ ಅಂದರೆ ನನ್ನ ಗುರುಗಳ ಗುರು, ಮಲೇಷಿಯಾದ ಚೀನೀ ಮನೆತನದವರು. ನನ್ನ ಸರ್ ಅಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಹತ್ತು ವರ್ಷ ಇವರ ಬಳಿ ಕುಂಗ್‌ಫೂ ಕಲಿತವರು. ಈಗ ಬಾಗಲಕೋಟೆಯ ನವನಗರದಲ್ಲಿ ಕ್ಲಾಸು ನಡೆಸುತ್ತಾರೆ. ಅಜ್ಜ ಬಾದಾಮಿಯ ಗುಹೆಗಳನ್ನು ನೋಡಲು ಬಂದಿದ್ದರು. ಅವರು ನನ್ನನ್ನು ಪರೀಕ್ಷಿಸಿ ಒಪ್ಪಿದರೆ, ಕಲಿಸಲು ಅಪ್ಪಣೆ ಕೊಟ್ಟು ಪತ್ರ ಬರೆಯುತ್ತಾರೆ. ಒಂದು ವರ್ಷದಿಂದ ಇಳಕಲ್ಲಿನ ಶಾಲೆಯೊಂದರಲ್ಲಿ ಈ ಹುಡುಗಿಯರಿಗೆ ವಾರಕ್ಕೊಮ್ಮೆ ಕಲಿಸುತ್ತಿದ್ದೆ. "ಪತ್ರ ಇಲ್ಲದ ಇನ್ನ ಮುಂದ ಖೋಲಿ ಕೊಡಾಕ ಆಗೂದಿಲ್ಲರಿ, ನಾಳೆ ಯಾರಿಗರ ಪೆಟ್ಟಾತಂದ್ರ ನನ್ನ ಕೇಳ್ತಾರ" ಎಂದು ಅಲ್ಲಿನ ಹೆಡ್‌ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಪತ್ರ ಸಿಗದಿದ್ದರೆ ಕ್ಲಾಸು ಮುಗಿಯಿತು. ಇಷ್ಟೇ ವಿಷಯ. ಇದಕ್ಕಾಗಿ ಮೂರು ದಿನ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಾತೇ ನನ್ನ ಅನ್ನ. ನಲವತ್ತು ದಾಟಿದ ಮೇಲೆ, ಕತ್ತುನೋವಿಗೆ ಮದ್ದಾದೀತೆಂದು ಕುಂಗ್‌ಫೂ ಸೇರಿದಾಗ ಮೊದಲು ಕೈಕೊಟ್ಟದ್ದು ಆ ಮಾತೇ. ಚೀನೀ ಭಾಷೆಯಲ್ಲಿ 'ಸುಂಗ್' ಎಂದೊಂದು ಶಬ್ದ. ಸರ್ ಅದನ್ನು "ಮೈ ಸಡಲ ಬಿಡ್ರಿ" ಎಂದು ಕನ್ನಡಕ್ಕೆ ತಂದಿದ್ದರು. ಹುಟ್ಟಿದಾಗಿನಿಂದ ಮೈ ಬಿಗಿಹಿಡಿದು ನಡಿ, ಮೊಣಕಾಲು ಕೂಡಿಸಿ ಕೂಡು ಎಂದು ಕೇಳಿ ಬೆಳೆದವಳಿಗೆ ಸಡಲ ಬಿಡುವುದೆಂದರೇನು? ಬಿಟ್ಟೇಬಿಟ್ಟೆ. "ಅಕ್ಕಾರ, ಒಣಗಾಕ ಹಾಕಿದ ಸೀರಿ ಅಲ್ಲರಿ ನೀವು!" ಎಂದು ಸರ್ ಹಣೆ ಚಚ್ಚಿಕೊಂಡರು. ಆರು ತಿಂಗಳು ಹೀಗೇ ಹೋಯಿತು. ಕೊನೆಗೊಂದು ದಿನ ಅವರು ಬೇಸತ್ತು, "ರೊಟ್ಟಿ ಬಡಿಯೂಮುಂದ ನಿಮ್ಮ ಕೈ ಹೆಂಗಿರ್ತದ? ಹಂಗ ಇರ್ಲಿ" ಎಂದರು. ಅಷ್ಟು ಹೇಳಿದ್ದೇ ತಡ, ಭುಜ ತಾನಾಗಿ ಇಳಿಯಿತು. ಇದನ್ನು ಮೊದಲೇ ಹೇಳಲು ಇವರಿಗೇನು ರೋಗ ಎಂದು ಸಿಟ್ಟೂ ಬಂತು.

ಇನ್ನೊಂದು ತೊಡಕು ಮಾತಿನದಲ್ಲ. ಇಬ್ಬರು ಎದುರುಬದುರು ನಿಂತು, ಮುಂಗೈಗೆ ಮುಂಗೈ ತಾಗಿಸಿ, ಒಬ್ಬರನ್ನೊಬ್ಬರು ಮೆಲ್ಲಗೆ ತಳ್ಳುವ ಅಭ್ಯಾಸವೊಂದಿದೆ. ಅದರಲ್ಲಿ ಎದುರಿನವರ ಅಂಗೈ ನೇರ ಎದೆಗೆ ಬರುತ್ತದೆ. ನನ್ನ ಎದೆಯ ಮೇಲೆ, ಬೆಳ್ಳಿಯ ಕರಡಿಗೆಯಲ್ಲಿ, ಇಷ್ಟಲಿಂಗವಿದೆ. ಅದು ಮೈಬಿಟ್ಟು ಇರಬಾರದು ಎಂಬುದನ್ನು ಅವ್ವ ನನಗೆ ಮಾತು ಬರುವ ಮೊದಲೇ ಕಲಿಸಿರಬೇಕು. ಸರ್ ಮನೆಯಲ್ಲೂ ಅದೇ ಪದ್ಧತಿ, ಹಾಗಾಗಿ ತೆಗೆದಿಡಿ ಎಂದು ಅವರು ಎಂದೂ ಹೇಳಲಿಲ್ಲ. ಬಟ್ಟೆಯಿಂದ ಬಿಗಿದು ಕಟ್ಟಿಕೊಂಡೇ ಬರುತ್ತಿದ್ದೆ. ಅಲ್ಲಿಗೆ ಆ ಚಿಂತೆ ಮುಗಿಯಿತು ಎಂದುಕೊಂಡಿದ್ದೆ.

ಬಾದಾಮಿಯ ಲಾಡ್ಜಿನ ಹಿಂದಿನ ಹುಲ್ಲುಹಾಸಿನ ಮೇಲೆ ಅಜ್ಜ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಣ್ಣ ಜೀವ, ಕಾಲಲ್ಲಿ ಹವಾಯಿ ಚಪ್ಪಲಿ. ನಾನು ಅಭ್ಯಾಸಬಲದಿಂದ ಪಾದ ಮುಟ್ಟಲು ಬಾಗಿದರೆ ಅವರು ಗಾಬರಿಯಾಗಿ ಕಾಲು ಹಿಂದೆಳೆದುಕೊಂಡರು. ಶುರುವಿನಲ್ಲೇ ಎಡವಿದೆನಲ್ಲ ಎಂದುಕೊಂಡೆ. ಆದರೆ ಮುಂದಿನದು ಒಂದೂ ತಪ್ಪಲಿಲ್ಲ. ವರಸೆಗಳನ್ನು ಮಾಡಿ ತೋರಿಸಿದೆ. ಅಜ್ಜ ತಲೆಯಾಡಿಸಿದರು. ಸರ್ ಮುಖ ಅರಳಿತು. ನಾನು ಮನಸ್ಸಿನಲ್ಲೇ ಪತ್ರಕ್ಕೆ ಚೌಕಟ್ಟು ಹಾಕಿಸಿ ಹೆಡ್‌ಮೇಡಂ ಮೇಜಿನ ಮೇಲೆ ಇಟ್ಟೂ ಆಗಿತ್ತು.

ಆಮೇಲೆ ಅವರು ಹುಡುಗಿಯರಿಗೆ ಜೋಡಿಯಾಗಿ ನಿಂತು ತಳ್ಳುವ ಅಭ್ಯಾಸ ಮಾಡಲು ಹೇಳಿದರು. ಸ್ವಲ್ಪ ಹೊತ್ತು ನೋಡಿದರು. ಎದ್ದು ಹತ್ತಿರ ಹೋಗಿ ನೋಡಿದರು. ಸರ್ ಕಡೆ ತಿರುಗಿ ಏನೋ ಕೇಳಿದರು. ಸರ್ ಮುಖದ ಮೇಲಿನ ನಗು ಹೋಯಿತು.

"ಇದು ಯಾವ ಪಟ್ಟು? ನಾ ಕಲಿಸಿಲ್ಲಲ್ಲ, ನಿಮಗ ಯಾರ ಕಲಿಸಿದ್ರು ಅಂತ ಕೇಳಾಕತ್ತಾರ್ರಿ."

ಆಗ ನೋಡಿದೆ. ಎದುರಿನವಳ ಅಂಗೈ ಮುಂದೆ ಬಂದ ಕೂಡಲೇ ಪ್ರತಿಯೊಬ್ಬ ಹುಡುಗಿಯ ಎಡಗೈ ಕಾವಲು ಬಿಟ್ಟು ಎದೆಯ ನಡುವೆ ಬಂದು ಕೂರುತ್ತಿತ್ತು. ಬೆರಳು ಮಡಿಚಿ, ಏನನ್ನೋ ಮುಚ್ಚಿ ಹಿಡಿದ ಹಾಗೆ. ಲಿಂಗ ಕಟ್ಟಿದವರೂ ಕಟ್ಟದವರೂ ಒಂದೇ ಸಮ. ಮುಸ್ಲಿಮರ ಮನೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆಂದ ಮಾಡುತ್ತಿದ್ದಳು. ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ. ಎದೆಯ ಮೇಲೇ ಇತ್ತು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಕನ್ನಡದ ಕ್ಲಾಸಿನಲ್ಲಿ ಅದೆಷ್ಟು ಸಲ ಬಿಡಿಸಿ ಹೇಳಿದ್ದೇನೋ! ಅದೂ ಇಳಕಲ್ಲಿನವಳು, ಸೀರೆಯ ಊರಿನವಳು. ಎಡಗೈ ಕೆಳಗಿಳಿಸಿದೆ. ಇದ್ದದ್ದನ್ನು ಇದ್ದಹಾಗೆ ಸರ್‌ಗೆ ಹೇಳಿದೆ. ಅವರು ಅದನ್ನು ಚೀನೀ ಭಾಷೆಗೆ ತಿರುಗಿಸಲು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಒಮ್ಮೆ ಆಕಾಶ ತೋರಿಸಿದರು, ಒಮ್ಮೆ ತಮ್ಮ ಕೊರಳು ತೋರಿಸಿದರು. ಅಜ್ಜ ತಾಳ್ಮೆಯಿಂದ ಕೇಳಿದರು. ಆಮೇಲೆ ಎಲ್ಲರಿಗಿಂತ ಚೆಂದ ಮಾಡುತ್ತಿದ್ದ ಆ ಹುಡುಗಿಯ ಎದುರು ನಿಂತು, ಎಡಗೈ ಬಿಟ್ಟುಹೋದ ಕಡೆಯಿಂದ ಒಂದು ಬೆರಳು ತಂದು ಅವಳ ಹಣೆಯ ಮೇಲಿಟ್ಟರು. ಹೊಡೆಯಲಿಲ್ಲ, ಇಟ್ಟರು ಅಷ್ಟೇ. ಆಮೇಲೆ ನನಗೆ ಹೇಳಿದ್ದನ್ನು ಸರ್ ಕನ್ನಡ ಮಾಡಿದರು.

"ನಿಮ್ಮ ದೇವರನ್ನ ನೀವು ಕಾಯ್ಕೊಳ್ರಿ, ಅದು ತಪ್ಪಲ್ಲ. ಈ ಹುಡುಗ್ಯಾರು ಏನ ಕಾಯಾಕತ್ತಾರ ಅಂತ ಕೇಳ್ತಾರ."

ಪತ್ರ ಸಿಗಲಿಲ್ಲ. ಹುಡುಗಿಯರ ಕೈ ಎದೆಗೆ ಹೋಗುವುದು ನಿಂತ ಮೇಲೆ ಸರ್ ನೋಡಿ ತಿಳಿಸಲಿ, ಮಲೇಷಿಯಾದಿಂದಲೇ ಬರೆದು ಕಳಿಸುತ್ತೇನೆ ಎಂದರು ಅಜ್ಜ. ಕರದಂಟನ್ನು ಮಾತ್ರ ಸಂತೋಷದಿಂದ ತಿಂದರು.

ಮರಳುವಾಗ ಗಾಡಿಯಲ್ಲಿ ಯಾರೂ ಹಾಡಲಿಲ್ಲ. ಹೆಡ್‌ಮೇಡಂಗೆ ಏನು ಹೇಳುವುದು, ಇನ್ನೂ ಎಷ್ಟು ವಾರ ಖೋಲಿ ಬೇಡಿಕೊಳ್ಳುವುದು ಎಂದು ನನ್ನ ತಲೆ ಬಿಸಿಯಾಗಿತ್ತು. ಅಜ್ಜ ಹಣೆ ಮುಟ್ಟಿದ್ದ ಹುಡುಗಿ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದಳು.

"ಹಂಗಾದ್ರ ಅದು ಕುಂಗ್‌ಫೂ ಅಲ್ಲೇನ್ರಿ, ಅಕ್ಕೋರ?"

"ಅಲ್ಲವಾ. ಅದು ನಂದು."

ಅವಳು ಇನ್ನಷ್ಟು ಮುಂದಕ್ಕೆ ಬಗ್ಗಿದಳು. "ಮತ್ತ ನೀವು ಕಲಿಸಿದ್ರಾಗ ಇನ್ನೂ ಏನೇನು ನಿಮ್ದು ಐತ್ರಿ?"

ತುಂಟತನವಿರಲಿಲ್ಲ, ನಿಜವಾಗಿಯೇ ತಿಳಿಯಬೇಕಾಗಿತ್ತು ಅವಳಿಗೆ. ಹುನಗುಂದದಲ್ಲಿ ಇಪ್ಪತ್ತು ವರ್ಷ ನನ್ನೆದುರು ಕೂತು ಎದ್ದುಹೋದ ಮಕ್ಕಳೆಲ್ಲ ಒಮ್ಮೆಲೇ ನೆನಪಾಗಿ ಹೆದರಿಕೆಯಾಯಿತು.

"ನನಗ ಗೊತ್ತಿಲ್ಲವಾ" ಎಂದೆ.

"ಹಂಗಾದ್ರ ನಾವ ನೋಡಿ ಹೇಳ್ತೇವಿ ಬಿಡ್ರಿ" ಎಂದಳು.